ದ್ರಾಕ್ಷಿಗೆ ಸೋಪು ಬೇಡ

ಹೊಸ ವೈರಸ್ಸಿನ ಸುದ್ದಿ ಟಿವಿಯಲ್ಲಿ ಬಂತೆಂದರೆ ಈ ಅಂಕಣಕ್ಕೆ ಬರುವ ಓದುಗರ ಪತ್ರಗಳಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಅಂಗಡಿಯಿಂದ ತಂದ ತರಕಾರಿ, ಹಣ್ಣು, ಹಾಲು, ದಿನಸಿಯನ್ನು ಏನು ಹಾಕಿ ತೊಳೆಯಬೇಕು? 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಪತ್ತೆಯಾದಾಗಲೂ ಇದೇ ಪ್ರಶ್ನೆ ಬಂತು. ಪಕ್ಕದ ಕೇರಳದಲ್ಲಿ ನಿಪಾ ಕಾಣಿಸಿಕೊಂಡಾಗಲೆಲ್ಲ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಅಡುಗೆಮನೆಯ ಹೊಣೆ ಹೊತ್ತವರು. ಮನೆಯಲ್ಲಿ ವಯಸ್ಸಾದ ಅತ್ತೆ-ಮಾವನೋ ಪುಟ್ಟ ಮಕ್ಕಳೋ ಇರುವವರು. ಅವರ ಆತಂಕವನ್ನು ಹಗುರವಾಗಿ ನೋಡುವಂತಿಲ್ಲ. ಹಾಗಾಗಿ ಈ ಸಲ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನನ್ನ ಉತ್ತರ ಇನ್ನೊಂದು ಪ್ರಶ್ನೆಯಿಂದ ಶುರುವಾಗುತ್ತದೆ: ಈ ವೈರಸ್ ಯಾವ ದಾರಿಯಲ್ಲಿ ನಮ್ಮ ಮೈಯೊಳಗೆ ಬರುತ್ತದೆ? ಅದು ಗೊತ್ತಿಲ್ಲದೆ ಇಡೀ ದಿನ ಸಿಂಕಿನ ಮುಂದೆ ನಿಂತರೂ ಪ್ರಯೋಜನವಿಲ್ಲ.

ತೊಳೆಯುವ ಈ ಗಾಬರಿ ನಮ್ಮ ಮನೆಗಳಿಗೆ ಕಾಲಿಟ್ಟದ್ದು 2020ರ ಮಾರ್ಚ್‌ನಲ್ಲಿ. ಆ ತಿಂಗಳ 10ರಂದು ಕಲಬುರಗಿಯಲ್ಲಿ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೋವಿಡ್ ಸಾವು. 17ರಂದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಯೋಗವೊಂದರ ವರದಿ ಬಂತು. ಕೊರೊನಾ ವೈರಸ್ ಪ್ಲಾಸ್ಟಿಕ್ ಮತ್ತು ಸ್ಟೀಲಿನ ಮೇಲೆ 72 ಗಂಟೆಯವರೆಗೆ, ರಟ್ಟಿನ ಮೇಲೆ 24 ಗಂಟೆಯವರೆಗೆ, ತಾಮ್ರದ ಮೇಲೆ 4 ಗಂಟೆಯವರೆಗೆ ಉಳಿಯಬಲ್ಲದು ಎಂದು ಅದರಲ್ಲಿತ್ತು. 25ರಿಂದ ದೇಶಕ್ಕೆ ದೇಶವೇ ಲಾಕ್‌ಡೌನ್ ಆಯಿತು. ಅದೇ ವಾರ ಅಮೆರಿಕದ ಮಿಷಿಗನ್‌ನ ವೈದ್ಯರೊಬ್ಬರು ದಿನಸಿ ಪೊಟ್ಟಣಗಳನ್ನು ಒರೆಸಿ, ಹಣ್ಣುಗಳನ್ನು ಸೋಪಿನ ನೀರಿನಲ್ಲಿ ತೊಳೆದು ತೋರಿಸಿದ ವಿಡಿಯೊವನ್ನು ಕೋಟಿಗೂ ಮಿಕ್ಕಿ ಜನ ನೋಡಿದರು. ಆಹಾರ ತಜ್ಞರು ಕೂಡಲೇ ತಕರಾರು ತೆಗೆದರು. ಆ ತಕರಾರು ವಿಡಿಯೊದಷ್ಟು ದೂರ ಹೋಗಲಿಲ್ಲ.

ಆಮೇಲೆ ನಡೆದದ್ದು ನಮಗೆಲ್ಲ ನೆನಪಿದೆ. ತರಕಾರಿ ಚೀಲ ಬಾಲ್ಕನಿಯಲ್ಲಿ ಮೂರು ದಿನ ಕೂತು, ಒಳಗೆ ಬರುವಷ್ಟರಲ್ಲಿ ಕೊತ್ತಂಬರಿ ಕೊಳೆತಿರುತ್ತಿತ್ತು. ಹಾಲಿನ ಪ್ಯಾಕೆಟ್ಟಿಗೆ ಬಟ್ಟೆ ಒಗೆಯುವ ಪುಡಿ, ಬಿಸ್ಕತ್ತಿನ ಪೊಟ್ಟಣಕ್ಕೆ ಸ್ಯಾನಿಟೈಸರ್. ನೋಟುಗಳನ್ನು ಬಿಸಿಲಿಗೆ ಹರವಿದವರು, ಇಸ್ತ್ರಿ ಪೆಟ್ಟಿಗೆಯಡಿ ಇಟ್ಟವರು ಇದ್ದರು. ದಿನಪತ್ರಿಕೆಯಿಂದ ರೋಗ ಬರುತ್ತದೆಂದು ಎಷ್ಟೋ ಮನೆಗಳು ಪೇಪರ್ ನಿಲ್ಲಿಸಿದವು. ಪೇಪರ್ ಹಾಕುವ ಹುಡುಗರು ಆ ತಿಂಗಳುಗಳಲ್ಲಿ ಪಟ್ಟ ಪಾಡು ಯಾರ ಲೆಕ್ಕಕ್ಕೂ ಸಿಕ್ಕಿಲ್ಲ.

ಆ 72 ಗಂಟೆಯ ಪ್ರಯೋಗ ಸುಳ್ಳಲ್ಲ. ಆದರೆ ಅದನ್ನು ಪೂರ್ತಿ ಓದಿದವರು ಕಡಿಮೆ. ಪ್ರಯೋಗಾಲಯದಲ್ಲಿ ಬಹಳಷ್ಟು ವೈರಸ್ ಇದ್ದ ದ್ರವವನ್ನು ಪ್ಲಾಸ್ಟಿಕ್ಕಿನ ಮೇಲೆ ಹಾಕಿ, 21ರಿಂದ 23 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟು ಅಳೆದಿದ್ದರು. ಅಲ್ಲೂ ಸುಮಾರು 7 ಗಂಟೆಗೊಮ್ಮೆ ವೈರಸ್ಸಿನ ಪ್ರಮಾಣ ಅರ್ಧಕ್ಕರ್ಧ ಇಳಿಯುತ್ತಿತ್ತು. ಮೂರನೇ ದಿನಕ್ಕೆ ಉಳಿದದ್ದು ಅಲ್ಪಸ್ವಲ್ಪ. ನಮ್ಮ ಏಪ್ರಿಲ್ ಬಿಸಿಲಲ್ಲಿ ತಳ್ಳುಗಾಡಿಯ ಮೇಲೆ ಬಂದ ಬದನೆಕಾಯಿಗೂ ಆ ಪ್ಲಾಸ್ಟಿಕ್ ತುಂಡಿಗೂ ಹೋಲಿಕೆಯಿಲ್ಲ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಎಮ್ಯಾನುಯಲ್ ಗೋಲ್ಡ್‌ಮನ್ 2020ರ ಜುಲೈನಲ್ಲೇ ‘ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಈ ಮಾತು ಎತ್ತಿದರು: ಪ್ರಯೋಗಗಳಲ್ಲಿ ಬಳಸಿದ ವೈರಸ್ಸಿನ ಪ್ರಮಾಣ ನಿಜಜೀವನದ ಒಂದು ಕೆಮ್ಮು ಸೀನಿನಲ್ಲಿ ಬೀಳುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ವಸ್ತುಗಳಿಂದ ಅಂಟುವ ಭಯವನ್ನು ಅತಿ ಮಾಡಲಾಗಿದೆ. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಕೂಡ ಒಪ್ಪಿತು. ವೈರಸ್ ಬಿದ್ದ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಾಧ್ಯತೆ 10,000ದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅದು ಹೇಳಿತು. ಆಗಲೂ ಮುಟ್ಟಿದ ಕೈ ಮೂಗು, ಬಾಯಿ, ಕಣ್ಣಿಗೆ ಹೋಗಬೇಕು. ಕೋವಿಡ್ ಬರುವ ಹೆದ್ದಾರಿ ಉಸಿರು. ಅಪವಾದಗಳು ಇಲ್ಲವೆಂದಲ್ಲ: 2020ರ ಅಕ್ಟೋಬರ್‌ನಲ್ಲಿ ಚೀನಾದ ಚಿಂಗ್ದಾವ್ ಬಂದರಿನಲ್ಲಿ ಆಮದಾದ ಶೈತ್ಯೀಕರಿಸಿದ ಮೀನಿನ ಪೊಟ್ಟಣದ ಹೊರಮೈಯಲ್ಲಿ ಜೀವಂತ ವೈರಸ್ ಸಿಕ್ಕಿತೆಂದು ಅಲ್ಲಿನ ಅಧಿಕಾರಿಗಳು ಪ್ರಕಟಿಸಿದ್ದರು. ಅದು ಕೊರೆಯುವ ಶೀತದಲ್ಲಿ ಬಂದ ಸರಕು.

ಕೋವಿಡ್ ಬಂದದ್ದು ಉಸಿರಿನ ದಾರಿಯಲ್ಲಿ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ದೊಡ್ಡ ಉದಾಹರಣೆಯಿದೆ. ಚೆನ್ನೈನ ಕೋಯಂಬೇಡು ಸಗಟು ತರಕಾರಿ ಮಾರುಕಟ್ಟೆ 2020ರ ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ತಮಿಳುನಾಡಿನ ಅತಿ ದೊಡ್ಡ ಸೋಂಕಿನ ಕೇಂದ್ರವಾಯಿತು. ಮೇ 5ಕ್ಕೆ ಅದನ್ನು ಮುಚ್ಚಿದರು. ಅಲ್ಲಿಂದ ಹೊರಟ ಸೋಂಕು ಜಿಲ್ಲೆ ಜಿಲ್ಲೆಗೆ ಹರಡಿ ಸಾವಿರಕ್ಕೂ ಹೆಚ್ಚು ಜನರನ್ನು ಮುಟ್ಟಿತು. ಅದನ್ನು ಹೊತ್ತು ನಡೆದದ್ದು ಟೊಮೆಟೊ ಕ್ರೇಟುಗಳಲ್ಲ. ಇಕ್ಕಟ್ಟಾದ ಸಾಲುಗಳಲ್ಲಿ ಮೈಗೆ ಮೈ ತಾಗಿಸಿ ಮೂಟೆ ಇಳಿಸುತ್ತಿದ್ದ ಹಮಾಲರು, ಕೂಗಿ ದರ ಹೇಳುತ್ತಿದ್ದ ವ್ಯಾಪಾರಿಗಳು, ಲಾರಿ ಚಾಲಕರು ತಮಗೆ ಗೊತ್ತಿಲ್ಲದೆ ಅದನ್ನು ಊರಿಗೆ ಒಯ್ದರು. ಬೆಂಗಳೂರಿನ ಕೆ.ಆರ್. ಮಾರ್ಕೆಟ್, ಕಲಾಸಿಪಾಳ್ಯಗಳನ್ನು ಮುಚ್ಚಿದ್ದೂ ಜನಸಂದಣಿಯ ಕಾರಣಕ್ಕೆ. ಅಪಾಯದಲ್ಲಿದ್ದವನು ನಮಗೆ ತರಕಾರಿ ತಂದುಕೊಟ್ಟವನು. ನೂರಾರು ಗಿರಾಕಿಗಳ ಉಸಿರಿನೆದುರು ದಿನವಿಡೀ ನಿಂತವನು ಅವನೇ.

ಆದರೆ ನಾವು ನಡೆದುಕೊಂಡದ್ದು ಇದಕ್ಕೆ ತದ್ವಿರುದ್ಧ. ಮಾಸ್ಕನ್ನು ಗದ್ದಕ್ಕೆ ಇಳಿಸಿ ಪಕ್ಕದ ಮನೆಯವರೊಡನೆ ಗೇಟಿನ ಬಳಿ ಅರ್ಧ ಗಂಟೆ ಮಾತಾಡುತ್ತಿದ್ದವರೇ ಸೊಪ್ಪಿನ ಗಾಡಿಯವಳಿಗೆ, “ದುಡ್ಡು ನೆಲದ ಮೇಲಿಟ್ಟಿದೀನಿ, ತಗೊಳಮ್ಮ, ಹತ್ರ ಬರಬೇಡ” ಎನ್ನುತ್ತಿದ್ದುದನ್ನು ನಮ್ಮ ಬೀದಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಆಕೆ ಬಗ್ಗಿ ಚಿಲ್ಲರೆ ಆಯ್ದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ರೋಗದ ದಾರಿ ತಿಳಿಯದಿದ್ದರೆ ಭಯ ಹೀಗೆ ಬಡವರ ತಲೆಯ ಮೇಲೆ ಹೋಗಿ ಕೂರುತ್ತದೆ. ತರಕಾರಿ ತೊಳೆಯುವ ಪ್ರಶ್ನೆಯನ್ನು ನಾನು ಬರೀ ಅಡುಗೆಮನೆಯ ಪ್ರಶ್ನೆ ಎಂದುಕೊಳ್ಳದೆ ಇರುವುದು ಇದರಿಂದಾಗಿ.

ಇನ್ನು ಸೋಪಿನ ವಿಚಾರ. ಕೊರೊನಾ, ಇನ್‌ಫ್ಲುಯೆಂಜಾ, ಎಚ್‌ಎಂಪಿವಿ, ನಿಪಾ ಇವೆಲ್ಲ ಮೇಲೆ ಜಿಡ್ಡಿನ ಪೊರೆ ಹೊದ್ದ ವೈರಸ್‌ಗಳು. ಒಗ್ಗರಣೆ ಸೌಟಿನ ಎಣ್ಣೆಯನ್ನು ಸೋಪು ಹೇಗೆ ಬಿಡಿಸುತ್ತದೋ ಹಾಗೆಯೇ ಈ ಪೊರೆಯನ್ನೂ ಬಿಡಿಸುತ್ತದೆ. ಪೊರೆ ಹೋದರೆ ವೈರಸ್ ಕೆಲಸಕ್ಕೆ ಬಾರದು. ಕೈಗೆ ಸೋಪು ಹಚ್ಚಿ 20 ಸೆಕೆಂಡು ಉಜ್ಜಿ ಅಂದದ್ದು ಇದಕ್ಕೇ. ಹಾಗಾದರೆ ಅದೇ ಸೋಪು ದ್ರಾಕ್ಷಿಗೆ ಯಾಕೆ ಬೇಡ? ನಮ್ಮ ಚರ್ಮ ಸೋಪನ್ನು ಹೀರಿಕೊಂಡು ಹೊಟ್ಟೆಗೆ ಕಳಿಸುವುದಿಲ್ಲ. ಹಣ್ಣಿನ ಸಿಪ್ಪೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ದ್ರಾಕ್ಷಿಗೊಂಚಲಿನಲ್ಲಿ ತೊಟ್ಟಿನ ಸಂದಿಗಳಿವೆ, ಹೂಕೋಸಿನಲ್ಲಿ ನೂರೆಂಟು ಗೂಡುಗಳಿವೆ. ಅಲ್ಲಿ ಕೂತ ಸೋಪು ಎಷ್ಟು ನೀರು ಹಾಕಿದರೂ ಪೂರ್ತಿ ಹೋಗುವುದಿಲ್ಲ. ಅದು ಹೊಟ್ಟೆಗೆ ಹೋದರೆ ಓಕರಿಕೆ, ವಾಂತಿ, ಭೇದಿ. ನಮ್ಮ ಪರಿಚಯದ ಮನೆಯೊಂದರಲ್ಲಿ ಪಾತ್ರೆ ತೊಳೆಯುವ ದ್ರವದಲ್ಲಿ ಅದ್ದಿಟ್ಟ ದ್ರಾಕ್ಷಿ ತಿಂದು ಪುಟ್ಟ ಹುಡುಗನೊಬ್ಬ ರಾತ್ರಿಯಿಡೀ ವಾಂತಿ ಮಾಡಿಕೊಂಡ. ಕೊರೊನಾವೇ ಬಂತೆಂದು ಆ ಮನೆಯವರು ಹೆದರಿ ಕಂಗಾಲಾಗಿದ್ದರು. ಯಾವ ರೋಗವೂ ಇಲ್ಲದ ಮಗುವಿಗೆ ರೋಗ ತಂದದ್ದು ರೋಗದ ಮುನ್ನೆಚ್ಚರಿಕೆ.

ಸೋಪಿಗಿಂತ ನನಗೆ ಹೆಚ್ಚು ಭಯ ಬ್ಲೀಚಿನದು. ಅಮೆರಿಕದ ಸಿಡಿಸಿ 2020ರ ಮೇ ತಿಂಗಳಲ್ಲಿ 502 ಮಂದಿಯನ್ನು ಕೇಳಿ ನಡೆಸಿದ ಸಮೀಕ್ಷೆಯಲ್ಲಿ ಶೇ 39ರಷ್ಟು ಜನ ಸೋಂಕಿನ ಭಯಕ್ಕೆ ಒಂದಿಲ್ಲೊಂದು ಅಪಾಯದ ಕೆಲಸ ಮಾಡಿದ್ದರು. ಶೇ 19ರಷ್ಟು ಜನ ಹಣ್ಣು-ತರಕಾರಿಯಂಥ ಆಹಾರಕ್ಕೇ ಬ್ಲೀಚ್ ಹಾಕಿದ್ದರು. ನಮ್ಮಲ್ಲೂ ಅದನ್ನು ಮಾಡಿದವರಿಗೆ ಕಡಿಮೆಯಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲಿ ಕೊಟ್ಟ ಸಲಹೆಯಲ್ಲಿ 50 ಪಿಪಿಎಂ ಕ್ಲೋರಿನ್ ಬಳಸಬಹುದು ಎಂದಿತ್ತು. ಸೋಪು, ಸೋಂಕುನಾಶಕ, ಒರೆಸುವ ವೈಪ್‌ಗಳನ್ನು ಹಣ್ಣು-ತರಕಾರಿಗೆ ಬಳಸಬೇಡಿ ಎಂದೂ ಇತ್ತು. ಜನ ಮೊದಲರ್ಧವನ್ನು ಹಿಡಿದುಕೊಂಡರು. 50 ಪಿಪಿಎಂ ಎಂದರೆ ಎಷ್ಟು? ಬಾಟಲಿಯ ದ್ರಾವಣದಲ್ಲಿ ಕ್ಲೋರಿನ್ ಶೇ 5ರಷ್ಟಿದ್ದರೆ, 1 ಲೀಟರ್ ನೀರಿಗೆ 1 ಮಿಲಿಲೀಟರ್. ಅಡುಗೆಮನೆಯಲ್ಲಿ ಅಷ್ಟನ್ನು ಅಳೆಯುವವರು ಯಾರು? 10 ಮಿಲಿಲೀಟರ್ ಹಿಡಿಯುವ ಮುಚ್ಚಳದಲ್ಲಿ ಸುರಿದರೆ ಹತ್ತು ಪಟ್ಟಾಯಿತು. ಮೇಲಾಗಿ ಮನೆ ಒರೆಸಲು ಮಾರುವ ಬ್ಲೀಚಿನಲ್ಲಿ ಸುವಾಸನೆ, ಮಾರ್ಜಕ ಇನ್ನೂ ಏನೇನೋ ಇರುತ್ತವೆ. ಅದು ಹೊಟ್ಟೆಗೆ ಹೋಗಲೆಂದು ಮಾಡಿದ್ದಲ್ಲ. ಮನೆಮಟ್ಟಿಗೆ ಈ ಕ್ಲೋರಿನ್ ಲೆಕ್ಕಾಚಾರವೇ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಚ್ಚು ಶಕ್ತಿ ಬರಲೆಂದು ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ಡನ್ನೋ ವಿನೆಗರನ್ನೋ ಬೆರೆಸುವುದು ಇದೆಲ್ಲಕ್ಕಿಂತ ಅಪಾಯ. ಬೆರೆತ ಕೂಡಲೇ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶವನ್ನೇ ಸುಡುತ್ತದೆ. ಸ್ಯಾನಿಟೈಸರಿನಲ್ಲಿ ಶೇ 60ಕ್ಕಿಂತ ಹೆಚ್ಚು ಆಲ್ಕೊಹಾಲ್ ಇರುತ್ತದೆ. ಅದನ್ನು ಪೊಟ್ಟಣಗಳಿಗೆ ಸಿಂಪಡಿಸಿ, ಅದೇ ಕೈಯಲ್ಲಿ ಗ್ಯಾಸ್ ಒಲೆ ಹಚ್ಚಿದರೆ ಕೈಗೇ ಬೆಂಕಿ ಹತ್ತಬಹುದು. ನಮ್ಮ ಬೀದಿಯ ಮನೆಯೊಂದರಲ್ಲಿ ಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಕೈಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ತಂದ ಸಾಮಾನನ್ನೆಲ್ಲ ಬ್ಲೀಚಿಂಗ್ ಪೌಡರ್ ನೀರಲ್ಲಿ ಒರೆಸುವುದು ಆಕೆಯ ಪಾಲಿಗೆ ಬಂದಿತ್ತು. ಬೆರಳ ಸಂದಿಯ ಚರ್ಮ ಬಿಳುಚಿ, ಬಿರಿದು, ಸಿಪ್ಪೆ ಏಳುತ್ತಿತ್ತು. “ಅನ್ನ ಕಲಸಿದ್ರೆ ಉರಿಯುತ್ತೆ ಅಕ್ಕಾ, ಚಮಚದಲ್ಲಿ ತಿಂತೀನಿ” ಎಂದಿದ್ದಳು. ಆ ಮನೆಯವರು ಕೆಟ್ಟವರಲ್ಲ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಸಾಮಾನು ತಂದಿಟ್ಟು ಮೊದಲು ಕೈ ತೊಳೆಯಿರಿ, ಫೋನ್ ಮುಟ್ಟುವ ಮೊದಲು. ದಿನಸಿಯನ್ನು ಡಬ್ಬಿಗೆ ಸುರಿದು ಪೊಟ್ಟಣ ಬಿಸಾಡಿ ಮತ್ತೊಮ್ಮೆ ತೊಳೆದುಕೊಳ್ಳಿ. ಹಾಲಿನ ಪ್ಯಾಕೆಟ್ಟನ್ನು ನಲ್ಲಿ ನೀರಿಗೆ ಹಿಡಿದು, ಕತ್ತರಿಸುವ ತುದಿಯನ್ನು ಬೆರಳಿಂದ ಉಜ್ಜಿದರೆ ಸಾಕು. ಹಾಲನ್ನು ಹೇಗೂ ಕಾಯಿಸುತ್ತೇವೆ. ಬಟ್ಟೆ ಚೀಲವನ್ನು ಆಗಾಗ ಒಗೆಯಿರಿ. ತರಕಾರಿಯನ್ನು ಬಳಸುವ ಹೊತ್ತಿಗೆ ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಎಲ್ಲವನ್ನೂ ತಂದ ದಿನವೇ ತೊಳೆದು ಒದ್ದೆಯಾಗಿಟ್ಟರೆ ಕೊಳೆಯುತ್ತವೆ; ಈರುಳ್ಳಿ, ಆಲೂಗಡ್ಡೆಯ ವಿಷಯದಲ್ಲಂತೂ ಇದು ಖಂಡಿತ.

ಸೊಪ್ಪು ತೊಳೆಯುವುದನ್ನು ನಮ್ಮ ಅಮ್ಮನಷ್ಟು ಚೆನ್ನಾಗಿ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ. ದಂಟಿನ ಸೊಪ್ಪಿನ ಕಟ್ಟು ಬಿಚ್ಚಿ, ಬೇರಿನ ಕಡೆ ಕತ್ತರಿಸಿ ತೆಗೆದು, ಅಗಲ ಪಾತ್ರೆಯಲ್ಲಿ ಸೊಪ್ಪು ಮುಳುಗಿ ತೇಲುವಷ್ಟು ನೀರು ಹಾಕುತ್ತಾಳೆ. ಎರಡೂ ಕೈಯಲ್ಲಿ ಕಲಕಿ, ಸ್ವಲ್ಪ ಹೊತ್ತು ಸುಮ್ಮನೆ ಬಿಡುತ್ತಾಳೆ. ಮಣ್ಣು ತಳಕ್ಕೆ ಇಳಿಯುತ್ತದೆ. ಆಮೇಲೆ ಪಾತ್ರೆ ಬಗ್ಗಿಸುವುದಿಲ್ಲ. ಬಗ್ಗಿಸಿದರೆ ಇಳಿದ ಮಣ್ಣು ಮತ್ತೆ ಸೊಪ್ಪಿನ ಮೇಲೆಯೇ ಬರುತ್ತದೆ. ಸೊಪ್ಪನ್ನು ಮೇಲಿನಿಂದ ಬಾಚಿ ಎತ್ತಿ ಇನ್ನೊಂದು ಪಾತ್ರೆಗೆ ಹಾಕುತ್ತಾಳೆ. ತಳದಲ್ಲಿ ಮಣ್ಣಿನ ಕಣವೂ ಕಾಣದವರೆಗೆ ನೀರು ಬದಲಾಯಿಸುತ್ತಾಳೆ. ಉಪ್ಪು, ಅರಿಶಿನದ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಬಿಸಿ ಉಪ್ಪುನೀರಿಗೆ ಹೂಕೋಸಿನ ಹುಳು ಬಿಟ್ಟುಕೊಳ್ಳುತ್ತದೆ, ಆದ್ದರಿಂದ ಆ ರೂಢಿ ಒಳ್ಳೆಯದೇ. ಆದರೆ ಅಷ್ಟು ಉಪ್ಪಿಗೆ ವೈರಸ್ ಸಾಯುತ್ತದೆಂದು ನಂಬಬೇಡಿ.

ಇಷ್ಟು ಓದಿ, ಆಹಾರದಿಂದ ಯಾವ ವೈರಸ್ಸೂ ಬರುವುದಿಲ್ಲ ಎಂದುಕೊಂಡರೆ ಅನಾಹುತವಾಗುತ್ತದೆ. ಹೊಟ್ಟೆಯ ದಾರಿಯಲ್ಲೇ ಬರುವ ವೈರಸ್‌ಗಳಿವೆ, ಅವಕ್ಕೆ ಜಿಡ್ಡಿನ ಪೊರೆ ಇಲ್ಲ, ಗಟ್ಟಿ ಪ್ರಾಣಿಗಳು. ಕಾಮಾಲೆ ತರುವ ಹೆಪಟೈಟಿಸ್ ಎ ಅಂಥದ್ದು. ವಾಂತಿ-ಭೇದಿ ತರುವ ನೊರೊವೈರಸ್ ಅಂಥದ್ದು. 2021ರ ನವೆಂಬರ್‌ನಲ್ಲಿ ನಮ್ಮ ಗಡಿಗೆ ತಾಗಿದ ವಯನಾಡಿನ ಪೂಕೋಡು ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಲ್ಲಿ ನೊರೊವೈರಸ್ ಕಾಣಿಸಿಕೊಂಡಿತ್ತು. ಈ ವೈರಸ್ಸಿಗೆ ಸ್ಯಾನಿಟೈಸರ್ ಹೆಚ್ಚೇನೂ ಮಾಡದು. ಸೋಪು ಹಚ್ಚಿ ಉಜ್ಜಿ ನೀರಿನಲ್ಲಿ ತೊಳೆದು ಕಳಿಸಬೇಕು. ಹೆಪಟೈಟಿಸ್ ಎ ಇನ್ನೂ ಮೋಸದ್ದು. ಮೈಗೆ ಸೇರಿ ರೋಗ ಕಾಣಿಸಿಕೊಳ್ಳಲು ಎರಡರಿಂದ ಆರು-ಏಳು ವಾರ ಬೇಕು, ಆದರೆ ಕಣ್ಣು ಹಳದಿಯಾಗುವ ಮೊದಲೇ ರೋಗಿಯ ಮಲದಲ್ಲಿ ವೈರಸ್ ಹೊರಬರುತ್ತಿರುತ್ತದೆ. ಮದುವೆಮನೆಯಲ್ಲಿ ಕೋಸಂಬರಿ ಕಲಸುವವನಿಗೆ ತನಗೆ ಸೋಂಕಿದೆ ಎಂಬುದೇ ಗೊತ್ತಿರುವುದಿಲ್ಲ. ಇಂಥ ರೋಗ ಊರಲ್ಲಿದ್ದಾಗ ಹಸಿಯದ್ದನ್ನು ಬಿಡಿ: ಹೊರಗಿನ ಕೋಸಂಬರಿ, ಹೆಚ್ಚಿಟ್ಟ ಹಣ್ಣು, ಪಾನಿಪುರಿಯ ಪಾನಿ, ಕಬ್ಬಿನ ಹಾಲಿಗೆ ಹಾಕುವ ಐಸ್. ಚೆನ್ನಾಗಿ ಕುದಿದ ಸಾರು, ಹುಳಿಯಿಂದ ಭಯವಿಲ್ಲ. 85 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಒಂದು ನಿಮಿಷಕ್ಕೆ ಹೆಪಟೈಟಿಸ್ ಎ ವೈರಸ್ ನಾಶವಾಗುತ್ತದೆ. ಇಲ್ಲಿ ಕುಡಿಯುವ ನೀರೇ ಮುಖ್ಯ. ಕೊಳಕು ನೀರಿನಲ್ಲಿ ಸೌತೆಕಾಯಿ ತೊಳೆದರೆ ತೊಳೆಯದಿರುವುದಕ್ಕಿಂತ ಕೆಡುಕು. ಹಾಗಾಗಿ ಹಸಿಯಾಗಿ ತಿನ್ನುವುದಕ್ಕೆ ಕೊನೆಯ ಸಲವಾದರೂ ಕುದಿಸಿ ಆರಿಸಿದ ನೀರು ಬಳಸಿ.

ನಿಪಾದ ದಾರಿ ಇನ್ನೊಂದು ಬಗೆ. ಅದರ ಮೂಲ ಹಣ್ಣು ತಿನ್ನುವ ಬಾವಲಿ. ಬಾಂಗ್ಲಾದೇಶದಲ್ಲಿ ಚಳಿಗಾಲದ ರಾತ್ರಿ ಈಚಲು ಮರಕ್ಕೆ ಕಟ್ಟಿದ ಮಡಕೆಗೆ ಬಾವಲಿ ಬಾಯಿ ಹಾಕುತ್ತದೆ. ಬೆಳಿಗ್ಗೆ ಅದೇ ರಸವನ್ನು ಹಸಿಯಾಗಿ ಕುಡಿದವರಿಗೆ ರೋಗ ತಗಲುತ್ತದೆ. ಅಲ್ಲಿ ಮಡಕೆಯ ಬಾಯಿಗೆ ಬಿದಿರಿನ ತಡಿಕೆ ಕಟ್ಟುವ ಉಪಾಯವೂ ಬಳಕೆಯಲ್ಲಿದೆ. ಕೇರಳದಲ್ಲಿ 2018ರಲ್ಲಿ 17 ಜನ ಸತ್ತಾಗ ಹಣ್ಣಿನಂಗಡಿಗಳತ್ತ ಜನ ತಿರುಗಿ ನೋಡಲಿಲ್ಲ. ಯುಎಇ ಕೇರಳದ ಹಣ್ಣು-ತರಕಾರಿಯ ಆಮದನ್ನೇ ನಿಲ್ಲಿಸಿತು. ಆದರೆ ಆ ವರ್ಷ ಹೆಚ್ಚಿನವರಿಗೆ ಸೋಂಕು ತಗಲಿದ್ದು ಆಸ್ಪತ್ರೆಗಳಲ್ಲಿ, ರೋಗಿಯ ಸಮೀಪದಲ್ಲಿದ್ದಾಗ. ಪೇರಾಂಬ್ರದ ನರ್ಸ್ ಲಿನಿ ತೀರಿಕೊಂಡದ್ದು ರೋಗಿಯ ಆರೈಕೆ ಮಾಡಿ. ಹಾಗೆಂದು ಹಣ್ಣಿನ ಎಚ್ಚರಿಕೆ ಬಿಡುವಂತಿಲ್ಲ. ದಕ್ಷಿಣ ಕನ್ನಡ, ಕೊಡಗು, ಮೈಸೂರು, ಚಾಮರಾಜನಗರದ ತೋಟಗಳಲ್ಲಿ ಸೀಬೆ, ಮಾವು, ಸಪೋಟ, ರಂಬುಟಾನ್ ಇವೆ. ಕಚ್ಚಿದ, ಗೀರಿದ, ನೆಲಕ್ಕೆ ಬಿದ್ದ ಹಣ್ಣನ್ನು ಆ ಭಾಗವಷ್ಟೇ ಕೊಯ್ದು ತಿನ್ನಬೇಡಿ, ಇಡೀ ಹಣ್ಣನ್ನು ಬಿಸಾಡಿ. ಉಳಿದದ್ದನ್ನು ತೊಳೆದು ಸಿಪ್ಪೆ ತೆಗೆದು ತಿನ್ನಿ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ. ಮರದಡಿ ಬಿದ್ದ ಹಣ್ಣನ್ನು ಮೊದಲು ಆರಿಸುವವರು ಅವರು.

ಮುಂದೆ ಇನ್ನಾವುದಾದರೂ ವೈರಸ್ಸಿನ ಸುದ್ದಿ ಬಂದಾಗ ವಾಟ್ಸ್ಆ್ಯಪ್ಪಿನ ತೊಳೆಯುವ ವಿಧಾನವನ್ನು ಫಾರ್ವರ್ಡ್ ಮಾಡುವ ಮೊದಲು ಆರೋಗ್ಯ ಇಲಾಖೆಯ ಪ್ರಕಟಣೆಯಲ್ಲಿ ಅದು ಹೇಗೆ ಹರಡುತ್ತದೆ ಎಂಬ ಸಾಲನ್ನು ಹುಡುಕಿ ಓದಿ. ಉಸಿರಿನಿಂದ ಎಂದಿದ್ದರೆ ಮಾರುಕಟ್ಟೆಗೆ ಹೋಗುವಾಗ ಮಾಸ್ಕ್ ಹಾಕಿ, ಜನ ಕಡಿಮೆ ಇರುವ ಹೊತ್ತು ನೋಡಿ ಹೋಗಿ. ಗಾಡಿಯವಳಿಗೆ ಒಂದು ಮಾಸ್ಕ್ ಕೊಡಿ, ದುಡ್ಡನ್ನು ಕೈಗೇ ಕೊಡಿ, ಮನೆಗೆ ಬಂದು ಕೈ ತೊಳೆದುಕೊಳ್ಳಿ. ಸಿಂಕಿನ ಕೆಳಗೆ, ಎಣ್ಣೆ ಕ್ಯಾನಿನ ಪಕ್ಕದಲ್ಲಿ ಇಟ್ಟಿರುವ ಬ್ಲೀಚ್, ಫಿನಾಯಿಲ್ ಬಾಟಲಿಗಳನ್ನು ದಯವಿಟ್ಟು ಇವತ್ತೇ ಅಲ್ಲಿಂದ ತೆಗೆದು, ಅಡುಗೆಮನೆಯ ಹೊರಗೆ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಇಡಿ.